ಮಳೆಗೆ ಮುಂಚೆ ತೆರೆಯಬೇಕಾದ ಗೇಟು

ಅಣೆಕಟ್ಟೆಗೆ ಎರಡು ಕೆಲಸ: ನೀರು ಹಿಡಿದಿಡುವುದು ಮತ್ತು ನೆರೆ ತಡೆಯುವುದು. ಮೊದಲನೆಯದಕ್ಕೆ ಜಲಾಶಯ ತುಂಬಿರಬೇಕು, ಎರಡನೆಯದಕ್ಕೆ ಅದರಲ್ಲಿ ಜಾಗ ಇರಬೇಕು. ಭಾರಿ ಮಳೆಯ ಮುನ್ಸೂಚನೆ ಸಿಕ್ಕಾಗ, ಆ ನೀರು ಹರಿದು ಬಂದು ಸೇರುವ ಮೊದಲೇ, ಇರುವ ನೀರಿನಲ್ಲಿ ಒಂದಿಷ್ಟನ್ನು ನದಿಗೆ ಬಿಟ್ಟು ಜಾಗ ಮಾಡಿಕೊಳ್ಳುವುದು ಈ ಎರಡು ಕೆಲಸಗಳ ನಡುವಿನ ರಾಜಿ. ಇದನ್ನು ಮುಂಗಡ ಬಿಡುಗಡೆ ಎನ್ನಬಹುದು. ನೆರೆ ಬಂದು ಹೋದ ಪ್ರತಿ ಸಲವೂ ನದಿದಂಡೆಯ ಊರುಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಇಷ್ಟೊಂದು ನೀರನ್ನು ಒಮ್ಮೆಲೇ ಬಿಡುವ ಬದಲು ಮೊದಲೇ ಸ್ವಲ್ಪ ಸ್ವಲ್ಪ ಬಿಡಬಾರದಿತ್ತೇ? ಪ್ರಶ್ನೆ ನ್ಯಾಯವಾದದ್ದು. ಆದರೆ ಅದಕ್ಕೆ ಉತ್ತರ ಹೇಳಬೇಕಾದರೆ ಜಲಾಶಯದ ಲೆಕ್ಕ ಗೊತ್ತಿರಬೇಕು.

ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯುಸೆಕ್. ನೂರು ಕೋಟಿ ಘನ ಅಡಿ ನೀರು ಒಂದು ಟಿಎಂಸಿ ಅಡಿ. ಈ ಎರಡನ್ನೂ ಬೆಸೆಯುವ ಅಂಕಿಯೊಂದನ್ನು ನೆನಪಿಟ್ಟುಕೊಂಡರೆ ಪತ್ರಿಕೆಯ ನೆರೆ ಸುದ್ದಿ ಬೇರೆಯದೇ ರೀತಿಯಲ್ಲಿ ಅರ್ಥವಾಗುತ್ತದೆ: ಒಂದು ಲಕ್ಷ ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ. ಕಬಿನಿ ಜಲಾಶಯದ ಒಟ್ಟು ಸಾಮರ್ಥ್ಯ 19.52 ಟಿಎಂಸಿ. ವಯನಾಡಿನಲ್ಲಿ ಮಳೆ ಜೋರಾಗಿ ಒಳಹರಿವು ಒಂದು ಲಕ್ಷ ಕ್ಯುಸೆಕ್ ಮುಟ್ಟಿದರೆ ಪೂರ್ತಿ ಖಾಲಿ ಇರುವ ಕಬಿನಿಯೂ ಎರಡು ದಿನ ಆರೇಳು ಗಂಟೆಯಲ್ಲಿ ತುಂಬಿಬಿಡುತ್ತದೆ. ಕೃಷ್ಣರಾಜಸಾಗರದ ಸಾಮರ್ಥ್ಯ 49.45 ಟಿಎಂಸಿ, ಅದೇ ಒಳಹರಿವಿಗೆ ಅದು ಆರು ದಿನ ತಡೆಯಲಾರದು. ಆಲಮಟ್ಟಿಯದು 123.08 ಟಿಎಂಸಿ. ಕೃಷ್ಣೆ 2019ರ ಆಗಸ್ಟಿನಲ್ಲಿ ಹರಿದಂತೆ ಐದು ಲಕ್ಷ ಕ್ಯುಸೆಕ್ ಮೀರಿ ಹರಿದರೆ ಅಷ್ಟು ದೊಡ್ಡ ಜಲಾಶಯವೂ ಮೂರು ದಿನದೊಳಗೆ ತಳದಿಂದ ಅಂಚಿನವರೆಗೆ ತುಂಬುತ್ತದೆ. ಅಂದರೆ ದೊಡ್ಡ ನೆರೆಯನ್ನು ಪೂರ್ತಿ ನುಂಗುವ ಜಲಾಶಯ ಕರ್ನಾಟಕದಲ್ಲಿ ಯಾವುದೂ ಇಲ್ಲ. ಜಲಾಶಯ ಮಾಡಬಲ್ಲದ್ದು ನೆರೆಯ ತುದಿಯನ್ನು ಕತ್ತರಿಸುವ ಕೆಲಸ ಮಾತ್ರ.

ಈ ತುದಿ ಕತ್ತರಿಸುವ ಕೆಲಸವೇನೂ ಸಣ್ಣದಲ್ಲ. ನೆರೆಯಲ್ಲಿ ಮನೆ ಮುಳುಗುವುದು, ಸೇತುವೆ ಕೊಚ್ಚಿಹೋಗುವುದು ಹರಿವು ಅತಿ ಹೆಚ್ಚಿರುವ ಕೆಲವು ತಾಸುಗಳಲ್ಲಿ. ಜಲಾಶಯದಲ್ಲಿ 20 ಟಿಎಂಸಿ ಜಾಗ ಇದ್ದರೆ ಒಂದು ಲಕ್ಷ ಕ್ಯುಸೆಕ್‌ನಷ್ಟು ಹರಿವನ್ನು ಎರಡು ದಿನಕ್ಕೂ ಹೆಚ್ಚು ಕಾಲ ತಡೆದು ನಿಲ್ಲಿಸಬಹುದು. ಕೆಳದಂಡೆಯಲ್ಲಿ ಅದರ ಫಲ ಅಡಿಗಳ ಲೆಕ್ಕದಲ್ಲಿ ಕಾಣುತ್ತದೆ. ಆದರೆ ಆ ಜಾಗವನ್ನು ನೆರೆ ಏರತೊಡಗಿದ ಮೊದಲ ದಿನವೇ ತುಂಬಿಸಿಬಿಟ್ಟರೆ, ತುದಿ ಬರುವ ಹೊತ್ತಿಗೆ ಜಲಾಶಯ ಇದ್ದೂ ಇಲ್ಲದಂತೆ. ಬಂದಷ್ಟನ್ನೂ ಬಿಡುವುದಲ್ಲದೆ ಆಗ ಬೇರೆ ದಾರಿ ಉಳಿಯುವುದಿಲ್ಲ. ಹಾಗಾಗಿ ಜಾಗ ಮಾಡಿಕೊಳ್ಳುವುದು ಅರ್ಧ ಕೆಲಸ. ಮಾಡಿಕೊಂಡ ಜಾಗವನ್ನು ತಕ್ಕ ಹೊತ್ತಿಗೆ ಉಳಿಸಿಕೊಳ್ಳುವುದು ಉಳಿದ ಅರ್ಧ.

ಜಾಗ ಮಾಡಿಕೊಳ್ಳಲು ಬೇಕಾದದ್ದು ಕಾಲ. ಆಲಮಟ್ಟಿಗೆ 30,000 ಕ್ಯುಸೆಕ್ ಒಳಹರಿವು ಇದೆ ಎಂದಿಟ್ಟುಕೊಂಡು 20 ಟಿಎಂಸಿ ಖಾಲಿ ಮಾಡುವ ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಐದು ದಿನ ಮೊದಲೇ ಶುರು ಮಾಡಿದರೆ ಸುಮಾರು 76,000 ಕ್ಯುಸೆಕ್ ಬಿಟ್ಟರೆ ಸಾಕು. ಎರಡು ದಿನ ಮಾತ್ರ ಇದ್ದರೆ 1.46 ಲಕ್ಷ ಬಿಡಬೇಕು. ಒಂದೇ ದಿನ ಉಳಿದಿದ್ದರೆ 2.6 ಲಕ್ಷ. ಕೊನೆಯದಂತೂ ನೆರೆ ತಪ್ಪಿಸುವ ಹೆಸರಿನಲ್ಲಿ ನೆರೆಯನ್ನೇ ತಂದಂತೆ. ಆಲಮಟ್ಟಿಯ ವಿದ್ಯುದಾಗಾರದ ಮೂಲಕ ಸುಮಾರು 45,000 ಕ್ಯುಸೆಕ್ ನೀರು ಹೊರಹೋಗಬಲ್ಲದು ಎಂಬುದನ್ನೂ ಇಲ್ಲಿ ಗಮನಿಸಬೇಕು. ಬೇಗ ಶುರು ಮಾಡಿದ ಬಿಡುಗಡೆಯಲ್ಲಿ ಅರ್ಧಕ್ಕೂ ಹೆಚ್ಚು ನೀರು ಟರ್ಬೈನ್ ತಿರುಗಿಸಿ, ವಿದ್ಯುತ್ ಕೊಟ್ಟು ನದಿಗೆ ಇಳಿಯುತ್ತದೆ. ತಡವಾಗಿ ಬಿಟ್ಟ ನೀರಿನ ಬಹುಪಾಲು ಯಾವ ಪ್ರಯೋಜನಕ್ಕೂ ಬಾರದೆ ಗೇಟಿನಿಂದ ಧುಮುಕುತ್ತದೆ.

ಗೇಟುಗಳಿಗೂ ಒಂದು ಮಿತಿ ಇದೆ. ಕ್ರೆಸ್ಟ್ ಗೇಟುಗಳು ಇರುವುದು ಅಣೆಕಟ್ಟೆಯ ಮೇಲ್ಭಾಗದಲ್ಲಿ. ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1,633 ಅಡಿ. 33 ಗೇಟುಗಳು ಕೂತಿರುವ ಕ್ರೆಸ್ಟ್ 1,613 ಅಡಿಯಲ್ಲಿದೆ. ನೀರು ಆ ಮಟ್ಟಕ್ಕಿಂತ ಕೆಳಗಿದ್ದಾಗ ಎಷ್ಟೇ ಗೇಟು ಎತ್ತಿದರೂ ಹನಿ ನೀರೂ ಹೊರಬರುವುದಿಲ್ಲ. ಆಗ ಕಾಲುವೆ ಮತ್ತು ವಿದ್ಯುದಾಗಾರಗಳೇ ದಾರಿ. ಕ್ರೆಸ್ಟಿಗಿಂತ ಸ್ವಲ್ಪವೇ ಮೇಲಿದ್ದಾಗ ಗೇಟು ಪೂರ್ತಿ ತೆರೆದರೂ ಹರಿವು ತೆಳುವಾಗಿರುತ್ತದೆ. ಗೇಟಿನಿಂದ ಹೆಚ್ಚು ನೀರು ಬಿಡಲು ಬರುವುದು ಜಲಾಶಯ ಬಹುತೇಕ ತುಂಬಿದ ಮೇಲೆಯೇ ಎಂಬ ವಿಪರ್ಯಾಸ ಈ ಅಣೆಕಟ್ಟೆಗಳ ರಚನೆಯಲ್ಲೇ ಇದೆ.

ತುಂಬಿಸುವ ಆಸೆ

ನೀರು ಬಿಡಲು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ, ಮತ್ತು ಅದಕ್ಕೆ ಕಾರಣ ಇದೆ. 2023ರಲ್ಲಿ ಮುಂಗಾರು ಕೈಕೊಟ್ಟು ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಕೃಷ್ಣರಾಜಸಾಗರ ಆ ವರ್ಷ ತುಂಬಲಿಲ್ಲ. ಅಂಥ ವರ್ಷದ ಜುಲೈನಲ್ಲಿ ಯಾರಾದರೂ ಮುನ್ಸೂಚನೆ ನಂಬಿ 10 ಟಿಎಂಸಿ ನೀರನ್ನು ನದಿಗೆ ಬಿಟ್ಟು, ಮಳೆ ಬಾರದೇ ಹೋಗಿದ್ದರೆ? ಬೆಂಗಳೂರಿಗೆ ಐದನೇ ಹಂತವೂ ಸೇರಿ ಕಾವೇರಿಯಿಂದ ದಿನಕ್ಕೆ 2,225 ದಶಲಕ್ಷ ಲೀಟರ್ ನೀರು ಒದಗಿಸುವ ವ್ಯವಸ್ಥೆ ಇದೆ. ಆ ಲೆಕ್ಕದಲ್ಲಿ 10 ಟಿಎಂಸಿ ಎಂದರೆ ನಗರಕ್ಕೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲದ ನೀರು. ಬಿಟ್ಟ ನೀರನ್ನು ಮರಳಿ ತರಲಾಗದು. ಬೇಸಿಗೆಯಲ್ಲಿ ಒಣಗಿದ ಭತ್ತದ ಗದ್ದೆಯ ಮುಂದೆ ನಿಂತ ರೈತನಿಗೆ, ಜುಲೈನ ಮುನ್ಸೂಚನೆ ಹೀಗಿತ್ತು ಎಂದು ಹೇಳಿ ಸಮಾಧಾನ ಮಾಡುವುದೂ ಆಗದು.

ತುಂಬಿದ ಜಲಾಶಯ ನಾಡಿಗೆ ಹಬ್ಬ. ಮುಖ್ಯಮಂತ್ರಿಗಳು ಬಂದು ಬಾಗಿನ ಅರ್ಪಿಸುವುದು, ಗೇಟುಗಳಿಂದ ಧುಮುಕುವ ನೀರು ನೋಡಲು ಜನ ಸೇರುವುದು ನೀರಿನ ಬಗೆಗಿನ ಗೌರವದ ಸಂಪ್ರದಾಯ, ಅದರಲ್ಲಿ ತಪ್ಪಿಲ್ಲ. ಆದರೆ ಜುಲೈ ಮಧ್ಯದಲ್ಲೇ ಜಲಾಶಯ ಅಂಚಿನವರೆಗೆ ತುಂಬಿದ್ದರೆ ಮಳೆಗಾಲದ ಅರ್ಧ ಇನ್ನೂ ಬಾಕಿ ಇದೆ ಎಂಬುದೂ ನಿಜ. ಅಂದಿನಿಂದ ಮುಂದೆ ಬೀಳುವ ಪ್ರತಿ ದೊಡ್ಡ ಮಳೆಯೂ ನೇರವಾಗಿ ಕೆಳದಂಡೆಗೆ ಹೋಗುತ್ತದೆ. ಹಬ್ಬದ ಸಂಭ್ರಮದಲ್ಲಿ ಈ ಎರಡನೇ ಮಾತನ್ನು ಗಟ್ಟಿಯಾಗಿ ಹೇಳುವವರು ಕಡಿಮೆ.

ನೆರೆ ತಡೆಯಲೆಂದೇ ಕಟ್ಟಿದ ಜಲಾಶಯಗಳೂ ಕಾಲಕ್ರಮದಲ್ಲಿ ಈ ಆಸೆಗೆ ಒಳಗಾಗುತ್ತವೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ಧ್ವಂಸ ಮಾಡಿದ ನಂತರ ನಿಜಾಮರ ಸರ್ಕಾರ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. ನಗರದ ಮೇಲ್ಭಾಗದಲ್ಲಿ ನೆರೆಯನ್ನು ತಡೆದು ನಿಲ್ಲಿಸುವ ಜಲಾಶಯಗಳು ಬೇಕೆಂದು ಅವರು ಸೂಚಿಸಿದರು. ಅದರಂತೆ ಮೂಸಿಗೆ 1920ರಲ್ಲಿ ಉಸ್ಮಾನ್ ಸಾಗರ, ಈಸಿಗೆ 1927ರಲ್ಲಿ ಹಿಮಾಯತ್ ಸಾಗರ ಬಂದವು. ಮುಂದೆ ಅವೇ ನಗರದ ಕುಡಿಯುವ ನೀರಿನ ಆಸರೆಯಾದವು. ಕುಡಿಯುವ ನೀರಿನ ಕೆರೆ ತುಂಬಿರಬೇಕೆಂದು ಎಲ್ಲರೂ ಬಯಸುತ್ತಾರೆ, ನೆರೆ ತಡೆಯುವ ಕೆರೆಗೆ ಜಾಗ ಬೇಕು. ಖಡಕವಾಸ್ಲಾದಲ್ಲಿ ವಿಶ್ವೇಶ್ವರಯ್ಯನವರು ಮೊದಲು ಅಳವಡಿಸಿದ ಸ್ವಯಂಚಾಲಿತ ಗೇಟುಗಳೂ ಇದೇ ಸಮಸ್ಯೆಗೆ ಹುಡುಕಿದ ಉತ್ತರ: ನೀರು ನಿಗದಿತ ಮಟ್ಟ ಮೀರಿದಾಗ ಯಾರ ಅಪ್ಪಣೆಯೂ ಇಲ್ಲದೆ ತಾವಾಗಿ ತೆರೆದುಕೊಳ್ಳುವ, ಇಳಿದಾಗ ಮುಚ್ಚಿಕೊಳ್ಳುವ ಗೇಟುಗಳು. ನೂರಿಪ್ಪತ್ತು ವರ್ಷದ ಹಿಂದೆಯೇ ಆ ಎಂಜಿನಿಯರ್ ನಿರ್ಧಾರವನ್ನು ಮನುಷ್ಯನ ಹಿಂಜರಿಕೆಯಿಂದ ಬಿಡಿಸಿ ನಿಯಮಕ್ಕೆ ಒಪ್ಪಿಸಿದ್ದರು.

ಇಂದು ಆ ನಿಯಮದ ಹೆಸರು ರೂಲ್ ಕರ್ವ್. ಮಳೆಗಾಲದ ಯಾವ ದಿನಾಂಕಕ್ಕೆ ಜಲಾಶಯದ ಮಟ್ಟ ಎಷ್ಟಿರಬೇಕು, ಎಷ್ಟನ್ನು ಮೀರಬಾರದು ಎಂದು ಹಿಂದಿನ ಹಲವು ವರ್ಷಗಳ ಹರಿವಿನ ಆಧಾರದಲ್ಲಿ ಎಳೆದ ಗೆರೆ ಅದು. ಭಾರತೀಯ ಮಾನಕ ಸಂಸ್ಥೆ ಜಲಾಶಯಗಳ ನಿರ್ವಹಣೆಗೆಂದೇ 1994ರಲ್ಲಿ ಐಎಸ್ 7323 ಎಂಬ ಮಾರ್ಗಸೂಚಿ ಹೊರಡಿಸಿದೆ. ಗೆರೆಯ ತತ್ವ ಸರಳ: ಜೂನ್, ಜುಲೈಗಳಲ್ಲಿ ನಿಧಾನವಾಗಿ ತುಂಬಿಸುವುದು, ದೊಡ್ಡ ಮಳೆ ಕಾಣಬರುವ ವಾರಗಳಲ್ಲಿ ಜಾಗ ಉಳಿಸಿಕೊಳ್ಳುವುದು, ಮಳೆಗಾಲ ಹಿಮ್ಮೆಟ್ಟುವ ಹೊತ್ತಿಗೆ ಪೂರ್ಣ ಮಟ್ಟಕ್ಕೆ ತರುವುದು. ಕೃಷ್ಣಾ ಕಣಿವೆಯ ಮೇಲ್ಭಾಗದಲ್ಲಿ ಪಶ್ಚಿಮ ಘಟ್ಟದ ದೊಡ್ಡ ಮಳೆ ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಬರುವುದು ಹೆಚ್ಚು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ತರುವ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಈ ಎರಡನೆಯದೇ ಹೆಚ್ಚು ಮೋಸ ಮಾಡುವಂಥದ್ದು, ಏಕೆಂದರೆ ಆಗ ಎಲ್ಲ ಜಲಾಶಯಗಳೂ ತುಂಬಿರುತ್ತವೆ.

ಬರದ ವರ್ಷದ ನೆರೆ

2009ನೇ ಇಸವಿ ದೇಶಕ್ಕೆ ಬರದ ವರ್ಷ. ಆ ಮುಂಗಾರಿನಲ್ಲಿ ದೇಶದಲ್ಲಿ ಬಿದ್ದ ಮಳೆ ವಾಡಿಕೆಗಿಂತ ಶೇ 22ರಷ್ಟು ಕಡಿಮೆ. ತಡವಾಗಿ ಬಂದ ನೀರನ್ನು ಕೃಷ್ಣೆಯ ಜಲಾಶಯಗಳು ಜೋಪಾನವಾಗಿ ಹಿಡಿದಿಟ್ಟುಕೊಂಡಿದ್ದವು. ಸೆಪ್ಟೆಂಬರ್ ಕೊನೆಗೆ ಶ್ರೀಶೈಲ ಜಲಾಶಯ ಬಹುತೇಕ ತುಂಬಿತ್ತು. ಅಂಥ ವರ್ಷದಲ್ಲಿ ಸೆಪ್ಟೆಂಬರ್ ಅಂತ್ಯದ ತುಂಬಿದ ಜಲಾಶಯವನ್ನು ಖಾಲಿ ಮಾಡಿ ಎಂದು ಹೇಳುವ ಧೈರ್ಯ ಯಾರಿಗೆ ಬರುತ್ತದೆ?

ಆ ತಿಂಗಳ ಕೊನೆಯ ದಿನಗಳಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಉತ್ತರ ಕರ್ನಾಟಕದ ಮೇಲೆ, ಮತ್ತು ಈಗಿನ ತೆಲಂಗಾಣ, ರಾಯಲಸೀಮೆಗಳ ಮೇಲೆ ಮಳೆ ಸುರಿಸಿತು. ಈ ಮಳೆ ಬಿದ್ದದ್ದು ಘಟ್ಟದ ಮೇಲಲ್ಲ, ಬಯಲಿನ ಮೇಲೆ. ಆಲಮಟ್ಟಿ, ತುಂಗಭದ್ರಾ ಜಲಾಶಯಗಳ ಕೆಳಗೆ. ಅವುಗಳಿಗೆ ಅದನ್ನು ತಡೆಯುವ ಅವಕಾಶವೇ ಇರಲಿಲ್ಲ. ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ತುಂಗಭದ್ರೆ ಉಕ್ಕಿ ಮಂತ್ರಾಲಯದ ರಾಯರ ಮಠ ಮುಳುಗಿತು, ಕರ್ನೂಲು ನಗರ ನೀರಿನಡಿ ಹೋಯಿತು. ಶ್ರೀಶೈಲಕ್ಕೆ ಒಳಹರಿವು ಸುಮಾರು 25 ಲಕ್ಷ ಕ್ಯುಸೆಕ್ ಮುಟ್ಟಿತು. ಆ ಅಣೆಕಟ್ಟೆಯನ್ನು ವಿನ್ಯಾಸ ಮಾಡಿದ್ದು 19 ಲಕ್ಷ ಕ್ಯುಸೆಕ್ ನೆರೆಗೆ. ಪೂರ್ಣ ಮಟ್ಟ 885 ಅಡಿ ಇರುವ ಜಲಾಶಯ 896 ಅಡಿ ದಾಟಿತು.

ಅಣೆಕಟ್ಟೆ ಉಳಿಯಿತು. ಅಷ್ಟೇ ಅಲ್ಲ, ತುಂಬಿದ್ದರೂ ಅದು ನೆರೆಯ ತುದಿಯನ್ನು ಗಣನೀಯವಾಗಿ ತಗ್ಗಿಸಿತು. ಶ್ರೀಶೈಲ, ನಾಗಾರ್ಜುನಸಾಗರಗಳನ್ನು ದಾಟಿ ವಿಜಯವಾಡದ ಪ್ರಕಾಶಂ ಬ್ಯಾರೇಜ್ ಮುಟ್ಟುವಾಗ ಆ 25 ಲಕ್ಷ 11 ಲಕ್ಷಕ್ಕೆ ಇಳಿದಿತ್ತು. ನಿರ್ವಹಣೆಯ ದೃಷ್ಟಿಯಿಂದ 2009ರ ಪಾಠ ಕಠಿಣವಾದದ್ದು: ಬರ ಮತ್ತು ನೆರೆ ಎರಡು ಬೇರೆ ವರ್ಷಗಳಲ್ಲೇ ಬರುತ್ತವೆಂದು ನಂಬಿ ಕೂರುವಂತಿಲ್ಲ. ಒಂದೇ ಮಳೆಗಾಲದ ನಾಲ್ಕು ತಿಂಗಳಲ್ಲಿ ಎರಡೂ ಬರಬಹುದು.

ಕೇರಳದಲ್ಲಿ ನಡೆದದ್ದು

2018ರ ಕೇರಳದ ನೆರೆ ಈ ಚರ್ಚೆಯನ್ನು ದೇಶದ ಮುಂದಿಟ್ಟಿತು. ಜೂನ್ 1ರಿಂದ ಆಗಸ್ಟ್ 19ರವರೆಗೆ ಅಲ್ಲಿ ವಾಡಿಕೆಯ 1,649.5 ಮಿಲಿಮೀಟರ್ ಬದಲು 2,346.6 ಮಿಲಿಮೀಟರ್ ಮಳೆ ಬಿತ್ತು. ಇಡುಕ್ಕಿ ಜಲಾಶಯದ ಚೆರುತೋಣಿ ಅಣೆಕಟ್ಟೆಯ ಗೇಟನ್ನು ಆಗಸ್ಟ್ 9ರಂದು 26 ವರ್ಷಗಳ ನಂತರ ಮೊದಲ ಬಾರಿ ತೆರೆಯಲಾಯಿತು. ನಿಜವಾದ ದೊಡ್ಡ ಮಳೆ ಬಂದದ್ದು ಆಗಸ್ಟ್ 15ರಿಂದ 17ರವರೆಗೆ. ನಾನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಕೇಂದ್ರ ಜಲ ಆಯೋಗ ಆ ಬಳಿಕ ಕೊಟ್ಟ ವರದಿಯ ಪ್ರಕಾರ, ಆಗಸ್ಟ್ 14ರಂದು ಬಹುತೇಕ ಅಣೆಕಟ್ಟೆಗಳು ಪೂರ್ಣ ಮಟ್ಟದಲ್ಲಿ ಅಥವಾ ಅದರ ಹತ್ತಿರದಲ್ಲಿದ್ದವು. ಹಾಗಾಗಿ ಅವು ನೆರೆಯನ್ನು ಹೆಚ್ಚಿಸಲೂ ಇಲ್ಲ, ತಗ್ಗಿಸಲೂ ಇಲ್ಲ. ಮಳೆ ಮೂರು ದಿನ ಬಿಡದೆ ಸುರಿದದ್ದರಿಂದ ಮಟ್ಟ ಕೆಲವು ಅಡಿ ಕೆಳಗಿದ್ದರೂ ಪರಿಸ್ಥಿತಿ ಹೆಚ್ಚು ಬದಲಾಗುತ್ತಿರಲಿಲ್ಲ ಎಂದೂ ಅದು ಹೇಳಿತು. ವರದಿಯನ್ನು ಅಣೆಕಟ್ಟೆಗಳ ಪರವಾದ ತೀರ್ಪೆಂದು ಓದಿದವರಿದ್ದಾರೆ. ಆದರೆ ಅದೇ ವಾಕ್ಯವನ್ನು ಇನ್ನೊಂದು ಕಡೆಯಿಂದಲೂ ಓದಬೇಕು: ನೆರೆ ತಗ್ಗಿಸಬಹುದಾಗಿದ್ದ ಜಲಾಶಯಗಳು ತಗ್ಗಿಸಲಿಲ್ಲ, ಏಕೆಂದರೆ ಮಳೆಗಾಲದ ನಡುವಿನಲ್ಲೇ ಅವು ತುಂಬಿದ್ದವು. ರೂಲ್ ಕರ್ವ್‌ಗಳನ್ನು ಮರುಪರಿಶೀಲಿಸಬೇಕೆಂದು ಆಯೋಗವೂ ಶಿಫಾರಸು ಮಾಡಿತು. ಫಲ ಕಂಡದ್ದು 2021ರ ಅಕ್ಟೋಬರಿನಲ್ಲಿ. ಹೊಸ ನಿಯಮದ ಮಟ್ಟವನ್ನು ನೋಡಿಕೊಂಡು, ಮತ್ತೆ ಮಳೆಯ ಎಚ್ಚರಿಕೆ ಇದ್ದಾಗ ಇಡುಕ್ಕಿಯ ಗೇಟುಗಳನ್ನು ಹಗಲಿನಲ್ಲಿ, ಮೊದಲೇ ಸಾರಿ, ಹದವಾಗಿ ತೆರೆಯಲಾಯಿತು.

ಕರ್ನಾಟಕದಲ್ಲಿ ಇಂಥದ್ದೇ ಪಾಠ ಕಲಿತದ್ದು ಕಾಳಿ ನದಿಯಲ್ಲಿ. 2019 ಮತ್ತು 2021ರ ಮಳೆಗಾಲದಲ್ಲಿ ಕದ್ರಾ ಅಣೆಕಟ್ಟೆಯ ಕೆಳಗಿನ ಕಾರವಾರ ತಾಲ್ಲೂಕಿನ ಊರುಗಳು ಮುಳುಗಿದವು. ಆಮೇಲೆ ಮಳೆಗಾಲದಲ್ಲಿ ಕದ್ರಾದ ಮಟ್ಟವನ್ನು ಅದರ ಗರಿಷ್ಠ 34.50 ಮೀಟರ್‌ಗಿಂತ ಕೆಳಗೆ ಹಿಡಿಯುವ ಪರಿಪಾಠ ಬಂತು.

ಚೆನ್ನೈನ ಕಥೆ ಇನ್ನೂ ನೇರ. 2015ರ ಡಿಸೆಂಬರ್ 1ರಂದು ಚೆಂಬರಂಬಾಕ್ಕಂ ಕೆರೆಯಿಂದ ಅಡ್ಯಾರ್ ನದಿಗೆ ಬಿಟ್ಟ ನೀರು 29,000 ಕ್ಯುಸೆಕ್ ಮುಟ್ಟಿ, ನದಿಯ ಎರಡೂ ದಂಡೆ ರಾತ್ರೋರಾತ್ರಿ ಮುಳುಗಿದವು. ಮಹಾಲೇಖಪಾಲರು ಅದನ್ನು ಮಾನವ ನಿರ್ಮಿತ ದುರಂತ ಎಂದು ಕರೆದರು. ಕೃಷ್ಣೆಯ ಎದುರು 29,000 ಕ್ಯುಸೆಕ್ ಏನೂ ಅಲ್ಲ. ಒತ್ತುವರಿಯಾಗಿ ಕಿರಿದಾದ ನಗರದ ನದಿಗೆ, ಅದೇ ಹೊತ್ತಿಗೆ ನಗರದ ಮೇಲೂ ಮಳೆ ಸುರಿಯುವಾಗ, ಅದು ಮಾರಕ.

ಒಂದು ನದಿ, ಹಲವು ಕೀಲಿಗಳು

ಕೃಷ್ಣೆಯ ನೆರೆಯನ್ನು ನಿರ್ವಹಿಸುವ ಕಷ್ಟ ಬೇರೆ ಬಗೆಯದು. ಮಹಾರಾಷ್ಟ್ರದ ಕೊಯ್ನಾ ಜಲಾಶಯದಲ್ಲಿ 105 ಟಿಎಂಸಿ, ವಾರಣಾ, ಧೋಮ್, ಕಣ್ಹೇರ್, ರಾಧಾನಗರಿಗಳಲ್ಲಿ ಇನ್ನಷ್ಟು. ಅಲ್ಲಿಂದ ಬಿಟ್ಟ ನೀರಿಗೆ ಪಂಚಗಂಗಾ, ದೂಧಗಂಗಾ, ವೇದಗಂಗಾ ಸೇರಿ ಅದು ಚಿಕ್ಕೋಡಿ ಸೀಮೆಗೆ ಬರುತ್ತದೆ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ ಸೇತುವೆಗಳು ಮುಳುಗಿದವೆಂಬ ಸುದ್ದಿಯೇ ಬೆಳಗಾವಿ ಜಿಲ್ಲೆಗೆ ಮೊದಲ ಎಚ್ಚರಿಕೆ. ಹಿಪ್ಪರಗಿ ಬ್ಯಾರೇಜ್ ದಾಟಿ ನೀರು ಆಲಮಟ್ಟಿಗೆ, ಅಲ್ಲಿಂದ 33.31 ಟಿಎಂಸಿಯ ನಾರಾಯಣಪುರಕ್ಕೆ, ಮುಂದೆ ರಾಯಚೂರು, ಯಾದಗಿರಿಗಳ ಮೂಲಕ ತೆಲಂಗಾಣಕ್ಕೆ. ನದಿ ಒಂದೇ, ಗೇಟಿನ ಕೀಲಿಗಳು ಬೇರೆ ಬೇರೆ ಸರ್ಕಾರಗಳ ಕೈಯಲ್ಲಿ.

ಸಾಂಗ್ಲಿ, ಕೊಲ್ಹಾಪುರಗಳು 2005ರಲ್ಲಿ, 2019ರಲ್ಲಿ ಮುಳುಗಿದಾಗ ಆಲಮಟ್ಟಿಯ ಹಿನ್ನೀರೇ ಕಾರಣ ಎಂಬ ಆರೋಪ ಬಲವಾಗಿ ಕೇಳಿಬಂತು. ಸಾಂಗ್ಲಿಯಿಂದ ಆಲಮಟ್ಟಿಗೆ ನದಿಯ ದಾರಿಯಲ್ಲಿ 200 ಕಿಲೋಮೀಟರಿಗೂ ಹೆಚ್ಚು ದೂರ. 2019ರ ನೆರೆಯ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ್ ವಡ್ನೇರೆ ಸಮಿತಿ 2020ರ ವರದಿಯಲ್ಲಿ ಆಲಮಟ್ಟಿಯನ್ನು ಹೊಣೆ ಮಾಡಲಿಲ್ಲ. ವಿಪರೀತ ಮಳೆ ಮತ್ತು ನದಿಪಾತ್ರದ ಒತ್ತುವರಿಯತ್ತ ಅದು ಬೊಟ್ಟು ಮಾಡಿತು. ಆದರೂ ಆಲಮಟ್ಟಿಯ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಮಾತು ಬಂದಾಗಲೆಲ್ಲ ಅದೇ ಆತಂಕ ಮರಳಿ ಬರುತ್ತದೆ. 2010ರಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ ಒಪ್ಪಿದ ಎತ್ತರ ಅದು.

ಆರೋಪ ನಿಲ್ಲುವುದೋ ಇಲ್ಲವೋ ಎಂಬುದಕ್ಕಿಂತ ಮುಖ್ಯವಾದದ್ದು ಒಂದಿದೆ. ಜಲಾಶಯವೊಂದು ನೆರೆಯನ್ನು ಹೆಚ್ಚಿಸಿತೋ ತಗ್ಗಿಸಿತೋ ಎಂದು ತಿಳಿಯುವ ನ್ಯಾಯವಾದ ಪರೀಕ್ಷೆ ಸುಲಭದ್ದು: ಒಳಹರಿವಿನ ಗರಿಷ್ಠಕ್ಕಿಂತ ಹೊರಹರಿವಿನ ಗರಿಷ್ಠ ಕಡಿಮೆ ಇದ್ದರೆ ಅದು ಕೆಳದಂಡೆಯನ್ನು ಕಾದಿದೆ, ಹೆಚ್ಚಿದ್ದರೆ ಕೆಡಿಸಿದೆ. ತಾಸು ತಾಸಿನ ಈ ಅಂಕಿಗಳು ಕೊಯ್ನಾದಿಂದ ನಾರಾಯಣಪುರದವರೆಗೆ ಎಲ್ಲರಿಗೂ ಒಂದೇ ಕಡೆ ಕಾಣುವಂತಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಮೇಲಿನ ಜಲಾಶಯ ನಾಳೆ ಎಷ್ಟು ಬಿಡಲಿದೆ ಎಂದು ಇಂದೇ ತಿಳಿದರೆ ಕೆಳಗಿನದು ಇಂದೇ ಜಾಗ ಮಾಡಿಕೊಳ್ಳಬಹುದು. ಎಲ್ಲರೂ ಒಂದೇ ರಾತ್ರಿ ಗೇಟು ಎತ್ತಿದರೆ ಉಳಿಯುವ ಊರು ಯಾವುದೂ ಇಲ್ಲ.

ಮುನ್ಸೂಚನೆಯನ್ನು ಎಷ್ಟು ನಂಬುವುದು

ಮುಂಗಡ ಬಿಡುಗಡೆಯ ಬಲವೆಲ್ಲ ಮುನ್ಸೂಚನೆಯಲ್ಲಿದೆ. ಕೇಂದ್ರ ಜಲ ಆಯೋಗ 1958ರಲ್ಲಿ ದೆಹಲಿಯ ಯಮುನೆಯಿಂದ ನೆರೆ ಮುನ್ಸೂಚನೆ ಆರಂಭಿಸಿತು. ಈಗ ನದಿಮಟ್ಟದ ಜತೆಗೆ ಜಲಾಶಯಗಳ ಒಳಹರಿವನ್ನೂ ಅಂದಾಜು ಮಾಡಿ ತಿಳಿಸುತ್ತದೆ. ಹವಾಮಾನ ಇಲಾಖೆ ಕೆಲವು ದಿನ ಮುಂಚಿತವಾಗಿ ಜಿಲ್ಲಾವಾರು ಎಚ್ಚರಿಕೆ ಕೊಡುತ್ತದೆ, ನದಿ ಕಣಿವೆವಾರು ಮಳೆಯ ಅಂದಾಜನ್ನೂ ಕೊಡುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರಾಜ್ಯದ ಮಳೆ ಮಾಪಕಗಳ ಅಂಕಿಗಳನ್ನು ಒಟ್ಟುಗೂಡಿಸುತ್ತದೆ.

ಕಷ್ಟ ಇರುವುದು ಮಳೆ ಎಲ್ಲಿ ಬೀಳುತ್ತದೆ ಎಂಬುದರಲ್ಲಿ. 2021ರ ಜುಲೈ 22–23ರಂದು ಮಹಾಬಲೇಶ್ವರದಲ್ಲಿ 24 ಗಂಟೆಯಲ್ಲಿ 594 ಮಿಲಿಮೀಟರ್ ಮಳೆ ಬಿತ್ತು. ಅದೇ ಬೆಟ್ಟದಿಂದ ಕೃಷ್ಣೆ, ಕೊಯ್ನಾ ಪೂರ್ವಕ್ಕೆ ಹರಿಯುತ್ತವೆ, ಸಾವಿತ್ರಿ ಪಶ್ಚಿಮಕ್ಕೆ. ಮಳೆಯ ಮೋಡ ಹತ್ತಿಪ್ಪತ್ತು ಕಿಲೋಮೀಟರ್ ಆಚೀಚೆ ಸರಿದರೆ ಅದೇ ನೀರು ಬಂಗಾಳ ಕೊಲ್ಲಿಯ ಬದಲು ಅರಬ್ಬಿ ಸಮುದ್ರದ ದಾರಿ ಹಿಡಿಯುತ್ತದೆ. ಮುನ್ಸೂಚನೆ ಸರಿಯಾಗಿಯೇ ಇದ್ದರೂ ಜಲಾಶಯದ ಲೆಕ್ಕ ತಪ್ಪಬಹುದು.

ಹಾಗೆಂದು ಬಿದ್ದ ಮಳೆಯನ್ನು ಮಾತ್ರ ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಬ್ರಿಸ್ಬೇನ್ ಉದಾಹರಣೆ. 1974ರ ನೆರೆಯ ನಂತರ ಆ ನಗರದ ಮೇಲ್ಭಾಗದಲ್ಲಿ ಕಟ್ಟಿದ ವೈವೆನ್‌ಹೋ ಅಣೆಕಟ್ಟೆಯಲ್ಲಿ ಕುಡಿಯುವ ನೀರಿನ ಪಾಲಿಗಿಂತಲೂ ದೊಡ್ಡದಾದ ಪಾಲನ್ನು ನೆರೆಗೆಂದೇ ಬಿಡಲಾಗಿತ್ತು. 2011ರ ಜನವರಿಯಲ್ಲಿ ಅದೂ ಸಾಲದೆ ದೊಡ್ಡ ಬಿಡುಗಡೆ ಮಾಡಬೇಕಾಯಿತು, ನಗರ ಮುಳುಗಿತು. ಎಂಜಿನಿಯರುಗಳು ಮುನ್ಸೂಚನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತೇ ಎಂಬುದು ನ್ಯಾಯಾಲಯಕ್ಕೆ ಹೋಯಿತು. 2019ರಲ್ಲಿ ಸಂತ್ರಸ್ತರ ಪರ ತೀರ್ಪು ಬಂತು. 2021ರಲ್ಲಿ ಅಣೆಕಟ್ಟೆ ನಿರ್ವಹಿಸುವ ಸಂಸ್ಥೆ ಮೇಲ್ಮನವಿಯಲ್ಲಿ ಗೆದ್ದಿತು. ಎರಡು ನ್ಯಾಯಪೀಠಗಳೇ ಬೇರೆ ಬೇರೆ ಉತ್ತರ ಕೊಟ್ಟ ಪ್ರಶ್ನೆಯನ್ನು ನಡುರಾತ್ರಿ ಒಬ್ಬ ಕಾರ್ಯಪಾಲಕ ಎಂಜಿನಿಯರ್ ತೀರ್ಮಾನಿಸಲಿ ಎಂದು ನಿರೀಕ್ಷಿಸುವುದು ಅನ್ಯಾಯ.

ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಸರೋವರದಲ್ಲಿ ಆದದ್ದು ತದ್ವಿರುದ್ಧ. 2012ರ ಡಿಸೆಂಬರಿನಲ್ಲಿ ಹಳೆಯ ಕೈಪಿಡಿಯ ಪ್ರಕಾರ ನೆರೆಯ ಪಾಲಿನ ನೀರನ್ನೆಲ್ಲ ಹೊರಬಿಟ್ಟರು, ಮರುವರ್ಷ ಮಳೆಯೇ ಬರಲಿಲ್ಲ. ಆ ನಷ್ಟದಿಂದ ಹುಟ್ಟಿದ ಪದ್ಧತಿಯಲ್ಲಿ ನಿಯಮದ ಗೆರೆ ಗೋಡೆಯ ಮೇಲಿನ ಚಿತ್ರದಂತೆ ನಿಂತಲ್ಲೇ ನಿಲ್ಲುವುದಿಲ್ಲ. ಮುಂದಿನ ಕೆಲವು ದಿನದ ಮುನ್ಸೂಚನೆಯಲ್ಲಿ ಮಳೆ ಇಲ್ಲದಿದ್ದರೆ ಹೆಚ್ಚು ನೀರು ಹಿಡಿಯಲು, ಇದ್ದರೆ ಮೊದಲೇ ಬಿಡಲು ಅವಕಾಶವಿದೆ. ಜಪಾನ್ 2020ರಲ್ಲಿ ನೀರಾವರಿ ಮತ್ತು ವಿದ್ಯುತ್ತಿಗೆ ಮೀಸಲಾದ ಅಣೆಕಟ್ಟೆಗಳನ್ನೂ ಮಳೆಗೆ ಮುಂಚಿನ ಬಿಡುಗಡೆಯ ಒಪ್ಪಂದದೊಳಗೆ ತಂದಿತು.

ಕರ್ನಾಟಕಕ್ಕೆ ಹೊಂದುವ ದಾರಿ ಹಂತ ಹಂತದ್ದು. ಐದು ದಿನ ಮುಂಚಿನ, ಅಷ್ಟೇನೂ ಖಚಿತವಲ್ಲದ ಎಚ್ಚರಿಕೆಗೆ ವಿದ್ಯುದಾಗಾರವನ್ನು ಪೂರ್ತಿ ಓಡಿಸಿ, ಕಾಲುವೆಗಳಿಗೆ ನೀರು ಹರಿಸಿ ಕೆರೆ ತುಂಬಿಸಿಕೊಂಡರೆ ಮಳೆ ಬಾರದೆ ಹೋದರೂ ನೀರು ವ್ಯರ್ಥವಾಗುವುದಿಲ್ಲ. ಮುನ್ಸೂಚನೆ ಗಟ್ಟಿಯಾದಂತೆ ಗೇಟಿನ ಸರದಿ. ಇದಕ್ಕೆ ಗೇಟುಗಳು ನಂಬುವಂತಿರಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಉಳಿದವನ್ನೂ ತೆರೆದು ತುಂಬಿದ ಜಲಾಶಯವನ್ನು ಇಳಿಸಬೇಕಾಯಿತು. ಮರುವರ್ಷ ಹಳೆಯ ಗೇಟುಗಳ ಭಯಕ್ಕೆ 80 ಟಿಎಂಸಿಯ ಆಸುಪಾಸಿಗೆ ಸಂಗ್ರಹ ನಿಲ್ಲಿಸಲಾಯಿತು. ಹೂಳು ಆಗಲೇ ಆ ಜಲಾಶಯದ 133 ಟಿಎಂಸಿಯನ್ನು 105.79ಕ್ಕೆ ಇಳಿಸಿದೆ. ಹೂಳು ತಿಂದದ್ದು ರೈತರ ನೀರನ್ನೂ ಹೌದು, ನೆರೆಯ ಜಾಗವನ್ನೂ ಹೌದು.

ಕೆಳದಂಡೆಯ ಜನ

ಗೇಟಿನಿಂದ ಹೊರಟ ನೀರಿಗೆ ದಾರಿ ಬೇಕು. ನಾರಾಯಣಪುರದ ಹೊರಹರಿವು ಏರಿದಂತೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಗಳ ಸಂಪರ್ಕ ಕಡಿಯುತ್ತದೆ. ಕಬಿನಿ ತುಂಬಿ ಹರಿದರೆ ನಂಜನಗೂಡಿನ ತಗ್ಗು ಬಡಾವಣೆಗಳು, ತುಂಗಭದ್ರೆ ಬಿಟ್ಟರೆ ಕಂಪ್ಲಿ ಸೇತುವೆ, ಹಂಪಿಯ ಪುರಂದರ ಮಂಟಪ. ಮಲಪ್ರಭೆಯದು ಇನ್ನೂ ದುಃಖದ ಸಂಗತಿ. 37.73 ಟಿಎಂಸಿಯ ನವಿಲುತೀರ್ಥ ಜಲಾಶಯ ವರ್ಷಗಟ್ಟಲೆ ತುಂಬದೆ, ಕೆಳಗಿನ ನದಿ ಸಪೂರವಾಗಿ, ದಂಡೆಯವರೆಗೂ ಹೊಲ ಬಂದವು. 2019ರಲ್ಲಿ ಒಮ್ಮೆಲೇ ತುಂಬಿ ಬಿಟ್ಟಾಗ ರಾಮದುರ್ಗ, ಕೊಣ್ಣೂರುಗಳಿಗೆ ನೀರು ನುಗ್ಗಿತು, ಪಟ್ಟದಕಲ್ಲಿನ ಗುಡಿಗಳ ಸುತ್ತ ನದಿ ನಿಂತಿತು. ನದಿಗೆ ತಾಳುವ ಶಕ್ತಿ ಉಳಿದಿಲ್ಲದಿದ್ದರೆ ಮುಂಗಡ ಬಿಡುಗಡೆಯೂ ನೆರೆಯೇ ಆಗುತ್ತದೆ.

ಬಿಡುವ ಸುದ್ದಿ ನೀರಿಗಿಂತ ಮೊದಲು ತಲುಪಬೇಕು. 2014ರ ಜೂನ್ 8ರಂದು ಹಿಮಾಚಲದ ಲಾರ್ಜಿ ಅಣೆಕಟ್ಟೆಯಿಂದ ಬಿಟ್ಟ ನೀರು ಬಿಯಾಸ್ ನದಿಯಲ್ಲಿದ್ದ ಹೈದರಾಬಾದಿನ 24 ವಿದ್ಯಾರ್ಥಿಗಳನ್ನು ಕೊಚ್ಚಿಕೊಂಡು ಹೋಯಿತು. 2018ರ ಜುಲೈನಲ್ಲಿ ಜಪಾನಿನ ನೊಮುರಾ ಅಣೆಕಟ್ಟೆಯ ತುರ್ತು ಬಿಡುಗಡೆಯ ಹೊತ್ತಿನಲ್ಲಿ ಕೆಳಗಿನ ಪಟ್ಟಣದಲ್ಲಿ ಐವರು ಸತ್ತರು. ಎಚ್ಚರಿಕೆಯ ವ್ಯವಸ್ಥೆಗೆ ಹೆಸರಾದ ದೇಶದಲ್ಲೇ ಹಾಗಾಯಿತು. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ತುರ್ತು ಕ್ರಿಯಾ ಯೋಜನೆಯನ್ನು ಕಡ್ಡಾಯ ಮಾಡಿದೆ. ಆದರೆ ಡಂಗುರವಾಗಲಿ, ಸೈರನ್ ಆಗಲಿ, ಮೊಬೈಲ್ ಸಂದೇಶವಾಗಲಿ, ಜನ ಅದರಿಂದ ತಿಳಿಯಬೇಕಾದದ್ದು ಕ್ಯುಸೆಕ್ ಅಂಕಿಯನ್ನಲ್ಲ. ಎಷ್ಟು ಗಂಟೆಗೆ ಯಾವ ಊರಿನ ಯಾವ ಗುಡಿಯ ಮೆಟ್ಟಿಲವರೆಗೆ ನೀರು ಬರುತ್ತದೆ ಎಂಬುದು ತಿಳಿದರೆ ದನಕರು ಬಿಚ್ಚಿ ಹೊರಡಬಹುದು, ಪಂಪ್‌ಸೆಟ್ ಎತ್ತಿಡಬಹುದು.

ಮುಂಗಾರಿನ ದಿನಗಳಲ್ಲಿ ಕನ್ನಡದ ಪತ್ರಿಕೆಗಳು ಜಲಾಶಯಗಳ ಕೋಷ್ಟಕವನ್ನು ಅಚ್ಚು ಹಾಕುತ್ತವೆ: ಗರಿಷ್ಠ ಮಟ್ಟ, ಇಂದಿನ ಮಟ್ಟ, ಕಳೆದ ವರ್ಷ ಇದೇ ದಿನದ ಮಟ್ಟ, ಒಳಹರಿವು, ಹೊರಹರಿವು. ಅದರಲ್ಲಿ ಇನ್ನೂ ಒಂದು ಅಂಕಣ ಬೇಕು, ನಿಯಮದ ಪ್ರಕಾರ ಈ ದಿನ ಇರಬೇಕಾದ ಮಟ್ಟ. ಅದು ಎಲ್ಲರ ಕಣ್ಣಮುಂದೆ ಇದ್ದರೆ ನೀರು ಬಿಟ್ಟ ಎಂಜಿನಿಯರ್‌ಗೆ ಬಯ್ಗುಳದಿಂದ ರಕ್ಷಣೆ ಸಿಗುತ್ತದೆ, ಬಿಡದೆ ಕೂತ ಆಡಳಿತಕ್ಕೆ ನೆಪ ಸಿಗುವುದಿಲ್ಲ. ಆ ಅಂಕಿ ಕೊಡಬೇಕಾದವರು ಜಲಸಂಪನ್ಮೂಲ ಇಲಾಖೆ ಮತ್ತು ನೀರಾವರಿ ನಿಗಮಗಳು. ಮುಂದಿನ ಮಳೆಗಾಲಕ್ಕೆ ಮೊದಲು ನದಿದಂಡೆಯ ಪ್ರತಿ ಗ್ರಾಮಸಭೆಯೂ ಅದನ್ನು ಬರೆದು ಕೇಳಲಿ.